ಹಳೆಯ ಮೋಟಾರ್ ಸೈಕಲ್ ಕೊಳ್ಳುವ ಮುನ್ನ

(ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲೂಕುಗಳ ಹಾಲು ಉತ್ಪಾದಕರ ಸಹಕಾರ ಸಂಘಗಳ ಸದಸ್ಯರ ಸಭೆಯಲ್ಲಿ ಸಂಘವೊಂದರ ಕಾರ್ಯದರ್ಶಿಗಳು ಮಾಡಿದ ಭಾಷಣದ ಪಠ್ಯ)



ಈ ವೇದಿಕೆಯಿಂದ ನೀವು ಹಸಿರು ಮೇವು, ಕೆಚ್ಚಲು ಬಾವು, ಕೃತಕ ಗರ್ಭಧಾರಣೆ ಕುರಿತು ಬಲ್ಲವರ ಮಾತು ಕೇಳಿದ್ದೀರಿ. ನಾನು ಇಂದು ಮೋಟಾರ್ ಸೈಕಲ್ ಬಗ್ಗೆ ಮಾತನಾಡುತ್ತೇನೆ ಎಂದಾಗ ಕೆಲವರು ನಕ್ಕಿರಿ. ಆದರೆ ಯೋಚಿಸಿ ನೋಡಿ. ತೋಟದ ಮನೆಯಿಂದ ಸಂಘಕ್ಕೆ ಬೆಳಿಗ್ಗೆ, ಸಂಜೆ ಹಾಲು ತರುವುದು ಯಾವುದು? ಮೇವಿನ ಹೊರೆ, ಪಶು ಆಹಾರದ ಚೀಲ ಹೇರಿಕೊಂಡು ಬರುವುದು ಯಾವುದು? ಅಪರಾತ್ರಿಯಲ್ಲಿ ಎಮ್ಮೆ ಈಯಲು ತ್ರಾಸು ಪಡುವಾಗ ಪಶು ವೈದ್ಯರನ್ನು ಕರೆತರುವುದು ಯಾವುದು? ಬೇಸಿಗೆಯ ದಿನ ಗಾಡಿ ದಾರಿಯಲ್ಲಿ ನಿಂತರೆ ಹಾಲು ಒಡೆಯುತ್ತದೆ, ಸಂಘದ ಹೊತ್ತು ಮೀರುತ್ತದೆ, ಆ ಹೊತ್ತಿನ ಹಣ ಹೋಗುತ್ತದೆ. ಆದ್ದರಿಂದ ಗಾಡಿಯೂ ನಮ್ಮ ಹೈನುಗಾರಿಕೆಯ ಒಂದು ಭಾಗವೇ. ನಮ್ಮಲ್ಲಿ ಅನೇಕರು ಹೊಸ ಗಾಡಿ ಕೊಳ್ಳುವ ಸ್ಥಿತಿಯಲ್ಲಿಲ್ಲ, ಹಳೆಯದನ್ನೇ ಕೊಳ್ಳುತ್ತೇವೆ. ಹಾಗೆ ಕೊಳ್ಳುವಾಗ ಮೋಸ ಹೋಗದಂತೆ ಏನು ಮಾಡಬೇಕು ಎಂಬುದೇ ನನ್ನ ವಿಷಯ.

ನನ್ನ ಸ್ವಂತ ಅನುಭವವನ್ನು ಮೊದಲು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಗಬ್ಬವಿದ್ದ ಒಂದು ಮಣಕವನ್ನು ಮಾರಿ ಹಳೆಯ ಮೋಟಾರ್ ಸೈಕಲ್ ತಂದೆ. ಗಾಡಿ ನೋಡಿದ್ದು ಸಂಜೆ, ದೀಪ ಹಚ್ಚುವ ಹೊತ್ತಿಗೆ. ಮಾರುವವರು ಆಗತಾನೇ ಒಂದು ಸುತ್ತು ಹೊಡೆದು ಬಂದಿದ್ದರು. ಗುಂಡಿ ಒತ್ತಿದೊಡನೆ ಶುರುವಾಯಿತು, ಬಣ್ಣ ಮಿಂಚುತ್ತಿತ್ತು. ಚಹಾ ಕುಡಿದು, ಹಣ ಎಣಿಸಿ ಕೊಟ್ಟು, ಆರ್.ಸಿ. ಕಾರ್ಡನ್ನು ಕಿಸೆಗೆ ಹಾಕಿಕೊಂಡು ಬಂದೆ. ಮರುದಿನ ಬೆಳಿಗ್ಗೆ ಐದಕ್ಕೆ ಕ್ಯಾನು ಕಟ್ಟಿ ಕಿಕ್ ಹೊಡೆದರೆ ಇಪ್ಪತ್ತು ಸಲಕ್ಕೂ ಜಪ್ಪಯ್ಯ ಅನ್ನಲಿಲ್ಲ. ಮಿಸ್ತ್ರಿ ಎಂಜಿನ್ ಬಿಚ್ಚಿ ನೋಡಿ ಬೋರು ಹೋಗಿದೆ ಎಂದರು. ಅದಕ್ಕಿಂತ ದೊಡ್ಡ ಪೆಟ್ಟು ಹೆಸರು ವರ್ಗಾಯಿಸಲು ಹೋದಾಗ ಬಿತ್ತು. ಗಾಡಿಯ ಮೇಲೆ ಫೈನಾನ್ಸ್ ಸಾಲ ಇನ್ನೂ ಇತ್ತು. ಮಾರಿದವರು ಊರು ಬಿಟ್ಟಿದ್ದರು. ಆ ಬಾಕಿಯನ್ನು ನಾನೇ ತುಂಬಬೇಕಾಯಿತು. ಅಷ್ಟರಲ್ಲಿ ನಾನು ಮಾರಿದ ಮಣಕ ಕೊಂಡವರ ಮನೆಯಲ್ಲಿ ಈದು ಹಾಲು ಕೊಡುತ್ತಿತ್ತು. ನನ್ನ ಗಾಡಿ ನಾಲ್ಕು ತಿಂಗಳಿಂದ ಅಂಗಳದಲ್ಲಿ ನಿಂತಿತ್ತು.

ಆಗ ನನ್ನ ಮನೆಯವರು ಒಂದು ಮಾತು ಅಂದರು: "ಎಮ್ಮಿ ತರೂಮುಂದ ಮೂರು ಹೊತ್ತು ಹಿಂಡಿ ನೋಡ್ತೀರಿ. ಇದನ್ನ ಒಂದು ಹೊತ್ತರೆ ನೋಡಬಾರದಾಗಿತ್ತ?"

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಎಮ್ಮೆಯ ವಿಷಯದಲ್ಲಿ ನಮ್ಮನ್ನು ಮೋಸ ಮಾಡುವುದು ಸುಲಭವಲ್ಲ. ಹಲ್ಲು ಎಣಿಸುತ್ತೇವೆ, ಕೊಂಬಿನ ಗೆರೆ ನೋಡಿ ಎಷ್ಟನೇ ಸೂಲು ಎಂದು ಲೆಕ್ಕ ಹಾಕುತ್ತೇವೆ. ಒಂದು ಹೊತ್ತು ಹಿಂಡದೆ ಬಿಟ್ಟು ಕೆಚ್ಚಲು ಉಬ್ಬಿಸಿ ಸಂತೆಗೆ ತರುತ್ತಾರೆಂದು ಗೊತ್ತಿರುವುದರಿಂದಲೇ ಮಾಲಕರ ಗೋದಲಿಗೆ ಹೋಗಿ ಮೂರು ಹೊತ್ತು ಹಿಂಡಿಸುತ್ತೇವೆ. ಏಕೆ ಮಾರುತ್ತೀರಿ ಎಂದು ನೆರೆಯವರನ್ನೂ ಕೇಳುತ್ತೇವೆ. ಬಿಸಿ ಮಾಡಿಟ್ಟ ಎಂಜಿನ್ನು ಉಬ್ಬಿಸಿದ ಕೆಚ್ಚಲಿನಂತೆಯೇ. ಗೋದಲಿಯಲ್ಲಿ ತೋರಿಸುವ ಬುದ್ಧಿಯನ್ನೇ ಗಾಡಿಯ ಮುಂದೆಯೂ ತೋರಿಸಿ ಎಂಬುದಿಷ್ಟೇ ನನ್ನ ವಿನಂತಿ.

ಸರ್ಕಾರದ ತಪಾಸಣೆ ಆಗಿರುತ್ತದೆಯೇ?

ಆರ್.ಸಿ.ಯಲ್ಲಿ 15 ವರ್ಷ ಮಾನ್ಯತೆ ಎಂದು ಇದೆ, ಆದ್ದರಿಂದ ಗಾಡಿ ಸರಿಯಿದೆ ಎಂದು ಬಹಳ ಜನ ತಿಳಿಯುತ್ತಾರೆ. ಇದು ತಪ್ಪು ತಿಳಿವಳಿಕೆ. ಬಾಡಿಗೆಗೆ ಓಡುವ ಟೆಂಪೋ, ಲಾರಿಗಳನ್ನು ಕಾಲಕಾಲಕ್ಕೆ ತಪಾಸಣೆಗೆ ಒಯ್ದು ಯೋಗ್ಯತಾ ಪ್ರಮಾಣಪತ್ರ ಪಡೆಯಬೇಕು. ಸ್ವಂತ ಬಳಕೆಯ ಮೋಟಾರ್ ಸೈಕಲ್ಲಿಗೆ ಹಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯಂತೆ ಮೊದಲ ನೋಂದಣಿ 15 ವರ್ಷ ನಡೆಯುತ್ತದೆ. ಆ ಅವಧಿಯಲ್ಲಿ ಹೊಗೆ ತಪಾಸಣೆ ಬಿಟ್ಟರೆ ಬ್ರೇಕು, ಚಾಸಿ, ಎಂಜಿನ್ನುಗಳನ್ನು ಯಾವ ಅಧಿಕಾರಿಯೂ ವರ್ಷ ವರ್ಷ ನೋಡುವುದಿಲ್ಲ. 15 ವರ್ಷ ತುಂಬಿದ ಮೇಲೆ ಗಾಡಿಯನ್ನು ನಿರೀಕ್ಷಕರಿಗೆ ತೋರಿಸಿ ನೋಂದಣಿ ನವೀಕರಿಸಬೇಕು. ನವೀಕರಣ 5 ವರ್ಷಕ್ಕೆ. 2010ರಲ್ಲಿ ನೋಂದಣಿಯಾದ ಗಾಡಿಯ ಮುದ್ದತ್ತು 2025ರಲ್ಲೇ ತೀರಿತು. ಅಂಥ ಗಾಡಿ ಅಗ್ಗಕ್ಕೆ ಸಿಕ್ಕರೆ, ನವೀಕರಣ ಆಗಿದೆಯೇ ಎಂದು ಮೊದಲು ಕೇಳಿ. ಮೋಟಾರ್ ಸೈಕಲ್ಲಿನ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 300 ರೂಪಾಯಿಯಿಂದ 1,000 ರೂಪಾಯಿಗೆ ಏರಿತು. 20 ವರ್ಷ ದಾಟಿದ ಗಾಡಿಗಳಿಗೆ 2025ರಲ್ಲಿ ಇನ್ನೂ ಹೆಚ್ಚಾಯಿತು. ಇದರ ಮೇಲೆ ಹಸಿರು ತೆರಿಗೆ, ದುರಸ್ತಿಯ ಖರ್ಚು ಬೇರೆ. ಇವೆಲ್ಲವನ್ನೂ ಕೂಡಿಸಿ ದರ ಮಾತನಾಡಬೇಕು.

ಇಂಗ್ಲೆಂಡಿನಲ್ಲಿ ಮೂರು ವರ್ಷ ತುಂಬಿದ ಗಾಡಿಯನ್ನು ಪ್ರತಿ ವರ್ಷ ತಪಾಸಣೆಗೆ ಒಯ್ಯಬೇಕು. ಯಾವ ವರ್ಷ ಏನು ದೋಷ ಕಂಡಿತು, ಮೀಟರು ಎಷ್ಟು ತೋರಿಸುತ್ತಿತ್ತು ಎಂಬುದನ್ನು ಗಾಡಿಯ ನಂಬರು ಹಾಕಿ ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿ ಆ ಇತಿಹಾಸ ಒಂದೇ ಕಡೆ ಸಿಗುವುದಿಲ್ಲ. ನಾಲ್ಕು ಕಡೆಯಿಂದ ನಾವೇ ಕೂಡಿಸಿಕೊಳ್ಳಬೇಕು.

ನಾಲ್ಕು ಸಾಕ್ಷಿಗಳು

ಮೊದಲನೆಯದು ನೋಂದಣಿ ದಾಖಲೆ. ಕೈಯಲ್ಲಿರುವ ಕಾರ್ಡನ್ನಷ್ಟೇ ನಂಬಬೇಡಿ. ಸಾರಿಗೆ ಇಲಾಖೆಯ ಪರಿವಾಹನ ಜಾಲತಾಣದಲ್ಲಿ ಅಥವಾ ಎಂ-ಪರಿವಾಹನ ಆ್ಯಪ್‌ನಲ್ಲಿ ಗಾಡಿಯ ನಂಬರು ಹಾಕಿದರೆ ನೋಂದಣಿ ದಿನಾಂಕ, ಮಾನ್ಯತೆಯ ಅವಧಿ, ವಿಮೆ, ಹೊಗೆ ಪ್ರಮಾಣಪತ್ರ, ಸಾಲ ಕೊಟ್ಟ ಸಂಸ್ಥೆ ಇವೆಲ್ಲ ಕಾಣುತ್ತವೆ. ನಿಮಗೆ ಬರದಿದ್ದರೆ ಕಾಲೇಜಿಗೆ ಹೋಗುವ ಮಗ ಅಥವಾ ಮಗಳಿಂದ ಮಾಡಿಸಿ. ನಾನು ಈ ಐದು ನಿಮಿಷದ ಕೆಲಸ ಮಾಡಿದ್ದರೆ ಆ ಸಾಲ ನನ್ನ ತಲೆಗೆ ಬರುತ್ತಿರಲಿಲ್ಲ. ಸಾಲ ತೀರಿದ್ದರೆ ಸಂಸ್ಥೆಯ ಬೇಬಾಕಿ ಪತ್ರ ಮತ್ತು ನಮೂನೆ 35 ಇರಬೇಕು, ದಾಖಲೆಯಿಂದಲೂ ಸಾಲದ ನಮೂದು ತೆಗೆದಿರಬೇಕು. ಇ-ಚಲನ್ ದಂಡ ಬಾಕಿ ಇದೆಯೇ ಎಂಬುದನ್ನೂ ನೋಡಿ. ಕಳುವಾದ ಗಾಡಿಯೇ ಎಂದು ತಿಳಿಯಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾಹನ ಸಮನ್ವಯ ಸೇವೆ ಇದೆ.

ಬಳಿಕ ಗಾಡಿಯ ಮೇಲಿರುವ ಚಾಸಿ ನಂಬರು ಮತ್ತು ಎಂಜಿನ್ ನಂಬರುಗಳನ್ನು ದಾಖಲೆಯೊಂದಿಗೆ ಅಕ್ಷರ ಅಕ್ಷರ ಹೋಲಿಸಿ. ಚಾಸಿ ನಂಬರು ಸಾಮಾನ್ಯವಾಗಿ ಹ್ಯಾಂಡಲಿನ ಕುತ್ತಿಗೆಯ ಮೇಲೆ ಕೊರೆದಿರುತ್ತದೆ. ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆಯಿರಿ. ಅಕ್ಷರ ಸೊಟ್ಟಗಿದ್ದರೆ, ಸುತ್ತಲೂ ಉಜ್ಜಿದ ಗುರುತಿದ್ದರೆ, ಅಷ್ಟಕ್ಕೇ ಹೊಸ ಬಣ್ಣ ಬಳಿದಿದ್ದರೆ ಅಲ್ಲಿಂದ ಎದ್ದು ಬನ್ನಿ. 2019ರ ಏಪ್ರಿಲ್ 1ರ ನಂತರದ ಗಾಡಿಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕ ಕಂಪನಿಯಿಂದಲೇ ಬರುತ್ತದೆ. ಅಂಥ ಗಾಡಿಗೆ ಪೇಟೆಯಲ್ಲಿ ಬರೆಸಿದ ಫಲಕವಿದ್ದರೆ ಕಾರಣ ಕೇಳಿ.

ಎರಡನೆಯದು ಹೊಗೆ ತಪಾಸಣೆಯ ಚೀಟಿಗಳು. ಸಂಘದಲ್ಲಿ ಕೊಡುವ ಫ್ಯಾಟಿನ ಚೀಟಿಯಂತೆ ಇವನ್ನು ಓದಬೇಕು. ಒಂದು ಹೊತ್ತಿನ ಫ್ಯಾಟಿನಿಂದ ಎಮ್ಮೆಯ ಗುಣ ತಿಳಿಯುವುದಿಲ್ಲ. ಹಲವು ಹೊತ್ತಿನದನ್ನು ಹೋಲಿಸಬೇಕು. 2017ರ ಏಪ್ರಿಲಿನಿಂದ ಬಂದ ಬಿ.ಎಸ್.-4 ಮತ್ತು 2020ರ ಏಪ್ರಿಲಿನಿಂದ ಬಂದ ಬಿ.ಎಸ್.-6 ಗಾಡಿಗಳಿಗೆ ಚೀಟಿ ಒಂದು ವರ್ಷದ್ದು. ಅದಕ್ಕೂ ಹಳೆಯವಕ್ಕೆ ಆರು ತಿಂಗಳದ್ದು. ಹಿಂದಿನ ಎರಡು ಮೂರು ಚೀಟಿ ಸಿಕ್ಕರೆ ಇಂಗಾಲದ ಮೊನಾಕ್ಸೈಡ್ ಪ್ರಮಾಣ ಏರುತ್ತ ಬಂದಿದೆಯೇ ನೋಡಿ. ಏರುತ್ತ ಬಂದಿದ್ದರೆ ಕಾರ್ಬೋರೇಟರ್, ಗಾಳಿಯ ಫಿಲ್ಟರುಗಳ ಕಡೆ ಯಾರೂ ಗಮನ ಕೊಟ್ಟಿಲ್ಲ ಎಂದು ತಿಳಿಯಬಹುದು. ಸಾಧ್ಯವಾದರೆ ಕೊಳ್ಳುವ ಮುನ್ನ ನಿಮ್ಮ ಎದುರಿನಲ್ಲೇ ಒಮ್ಮೆ ತಪಾಸಣೆ ಮಾಡಿಸಿ. ಖರ್ಚು ಅಲ್ಪ.

ಮೂರನೆಯದು ಸರ್ವಿಸಿನ ಲೆಕ್ಕ. ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಗಾಡಿಯ ನಂಬರಿನ ಮೇಲೆ ದಿನಾಂಕ, ಓಡಿದ ಕಿಲೋಮೀಟರು, ಮಾಡಿದ ಕೆಲಸ ಬರೆದಿಟ್ಟಿರುತ್ತಾರೆ. ಮಾಲಕರನ್ನೇ ಜೊತೆಗೆ ಕರೆದುಕೊಂಡು ಹೋಗಿ ಕೇಳಿ. ಮೀಟರಿನ ಕಾಟಾ ಹಿಂದೆ ಸರಿಸುವವರು ಇದ್ದಾರೆ. ಆದರೆ ಲೆಕ್ಕ ನಮಗೂ ಬರುತ್ತದೆ. ದಿನಕ್ಕೆ 20 ಕಿ.ಮೀ. ಓಡಿದರೂ ಐದು ವರ್ಷಕ್ಕೆ 36,500 ಕಿ.ಮೀ. ಆಗುತ್ತದೆ. ಐದು ವರ್ಷದ ಗಾಡಿ 14,000 ತೋರಿಸುತ್ತಿದ್ದರೆ ಕಾಲಿಡುವ ರಬ್ಬರು, ಬ್ರೇಕಿನ ಪೆಡಲು, ಹಿಡಿಕೆಗಳನ್ನು ನೋಡಿ. ಅವು ಸವೆದು ನುಣ್ಣಗಾಗಿದ್ದರೆ ಮೀಟರು ಸುಳ್ಳು ಹೇಳುತ್ತಿದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದ ಟೈರು.

ನಾಲ್ಕನೆಯದು ವಿಮೆ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಮೂರನೇ ವ್ಯಕ್ತಿ ವಿಮೆಯನ್ನು ಕೊಳ್ಳುವಾಗಲೇ ಮಾಡಿಸಬೇಕಾಗಿದೆ. ಅಂದರೆ 2019ರ ಗಾಡಿಯ ಆ ವಿಮೆ 2024ರಲ್ಲಿ ಮುಗಿಯಿತು. ಅನಂತರ ಮಾಡಿಸಿದ್ದಾರೆಯೇ? ಅಪಘಾತದ ಪರಿಹಾರ ಪಡೆದಿದ್ದಾರೆಯೇ? ಹಿಂದಿನ ಪಾಲಿಸಿ ತೋರಿಸಲು ಹಿಂಜರಿಯುವವರ ಹತ್ತಿರ ಇನ್ನೊಂದು ಮಾತು ಕೇಳಿ ತಿಳಿಯಬೇಕು.

ಬೆಳಗಿನ ಹೊತ್ತು ನೋಡಿರಿ

ಕಾಗದಗಳು ಸರಿಯಿದ್ದರೆ ಮಾತ್ರ ಗಾಡಿ ನೋಡಲು ಹೋಗಿರಿ. ಬೆಳಿಗ್ಗೆ ಹೋಗಿರಿ, ನಾನು ಬರುವ ತನಕ ಶುರು ಮಾಡಬೇಡಿ ಎಂದು ಹಿಂದಿನ ದಿನವೇ ತಿಳಿಸಿ. ಹೋದೊಡನೆ ಎಂಜಿನ್ ಮುಟ್ಟಿ ನೋಡಿ, ತಣ್ಣಗಿರಬೇಕು. ಎರಡು ಮೂರು ಕಿಕ್ಕಿಗೆ ಶುರುವಾಗಬೇಕು. ಸೈಲೆನ್ಸರಿನಿಂದ ಮುಂಜಾನೆ ಸ್ವಲ್ಪ ಬಿಳಿ ಹಬೆ ಬಂದು ನಿಂತರೆ ಚಿಂತೆಯಿಲ್ಲ. ನೀಲಿ ಹೊಗೆ ಬರುತ್ತಲೇ ಇದ್ದರೆ ಆಯಿಲ್ ಸುಡುತ್ತಿದೆ. ರಿಂಗು, ಬೋರಿನ ಕೆಲಸ ಬರುತ್ತದೆ. ಕಪ್ಪು ಹೊಗೆ ಬಂದರೆ ಪೆಟ್ರೋಲು ಹೆಚ್ಚು ಕುಡಿಯುತ್ತಿದೆ. ಬಿ.ಎಸ್.-6 ಗಾಡಿಯಾದರೆ ಚಾವಿ ತಿರುಗಿಸಿದಾಗ ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿ, ಶುರುವಾದ ಮೇಲೆ ಆರಬೇಕು. ಹತ್ತದೇ ಇದ್ದರೂ ಅನುಮಾನ, ಆರದೇ ಇದ್ದರೂ ಅನುಮಾನ.

ಆಮೇಲೆ ಗಾಡಿಯ ಹಿಂದೆ ನಿಂತು ಎರಡೂ ಗಾಲಿ ಒಂದೇ ಗೆರೆಯಲ್ಲಿವೆಯೇ ನೋಡಿ. ನಡು ಸ್ಟ್ಯಾಂಡಿಗೆ ಹಾಕಿ ಮುಂಗಾಲಿ ಎತ್ತಿ ಹ್ಯಾಂಡಲನ್ನು ನಿಧಾನ ತಿರುಗಿಸಿ. ನಡುವೆ ಹಿಡಿದಂತಾದರೆ ಕೋನ್ ಸೆಟ್ ಹೋಗಿದೆ. ಮುಂದಿನ ಫೋರ್ಕಿನಿಂದ ಎಣ್ಣೆ ಜಿನುಗುತ್ತಿದೆಯೇ, ಚೈನಿನ ಹಲ್ಲು ಕೊಕ್ಕೆಯಂತೆ ಬಾಗಿವೆಯೇ ನೋಡಿ. ಹ್ಯಾಂಡಲಿನ ಕುತ್ತಿಗೆಯ ಕೆಳಗೆ ಬಣ್ಣ ಬಿರಿದಿದ್ದರೆ ದೊಡ್ಡ ಪೆಟ್ಟು ಬಿದ್ದಿರಬಹುದು. ಓಡಿಸುವಾಗ ಎಲ್ಲ ಗೇರು ಹಾಕಿ ನೋಡಿ. ಖಾಲಿ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತ ಬ್ರೇಕು ಹಿಡಿದಾಗ ಒಂದು ಕಡೆ ಎಳೆಯಬಾರದು. ನಿಮಗೆ ನಂಬಿಕೆಯಿರುವ ಮಿಸ್ತ್ರಿಗೆ ಕೂಲಿ ಕೊಟ್ಟು ಜೊತೆಗೆ ಕರೆದೊಯ್ಯಿರಿ. ಮಾರುವವರ ಮಿಸ್ತ್ರಿಯ ಮಾತು ದಲ್ಲಾಳಿಯ ಮಾತಿದ್ದಂತೆ.

ನಮ್ಮ ಭಾಗದಲ್ಲಿ ವಿಶೇಷವಾಗಿ ನೋಡಬೇಕಾದ ಮೂರು ಸಂಗತಿಗಳಿವೆ.

ಒಂದು, ಹೊಳೆಯ ನೀರು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಓಣಿಗಳಲ್ಲಿ, ಹೊಳೆದಂಡೆಯ ಹಳ್ಳಿಗಳಲ್ಲಿ ನೀರು ನಿಂತದ್ದನ್ನು ನಾವು ಯಾರೂ ಮರೆತಿಲ್ಲ. ಜನ ಜಾನುವಾರು ಉಳಿಸಿಕೊಳ್ಳುವುದೇ ಕಷ್ಟವಾಗಿದ್ದಾಗ ಗಾಡಿಗಳನ್ನು ನೋಡುವವರು ಯಾರು? ನೀರಲ್ಲಿ ನಿಂತ ಗಾಡಿಗಳಲ್ಲಿ ಕೆಲವನ್ನು ಸರಿಯಾಗಿ ಬಿಚ್ಚಿ ದುರಸ್ತಿ ಮಾಡಿದರು, ಕೆಲವನ್ನು ಒರೆಸಿ ಬಣ್ಣ ಹೊಡೆದು ಮಾರಿದರು. ಸೀಟು ಬಿಚ್ಚಿ, ಟ್ಯಾಂಕಿನ ಕೆಳಗೆ ಕೈಹಾಕಿ ನೋಡಿ. ಮೂಲೆಯಲ್ಲಿ ಒಣಗಿದ ಕೆಸರು, ವೈರಿನ ಜೋಡಣೆಗಳಲ್ಲಿ ಹಸಿರು ಕಿಲುಬು, ಹೆಡ್‌ಲೈಟಿನ ಗಾಜಿನೊಳಗೆ ನೀರಿನ ಗೆರೆ ಇದ್ದರೆ ಅದು ಮುಳುಗಿದ ಗಾಡಿ. ಎಂಜಿನ್ ಆಯಿಲ್ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ.

ಎರಡು, ಹಾಲಿನ ಗಾಡಿ. ಇದು ನಮ್ಮದೇ ವಿಷಯ. ವರ್ಷಗಟ್ಟಲೆ ಎರಡೂ ಬದಿಗೆ ತುಂಬಿದ ಕ್ಯಾನು ಹೊತ್ತ ಗಾಡಿಯ ಎಂಜಿನ್ ಚೆನ್ನಾಗಿರಬಹುದು, ಬೆನ್ನು ಸೋತಿರುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರ್, ಗಾಲಿಯ ತಂತಿಗಳು, ಸ್ವಿಂಗ್ ಆರ್ಮಿನ ಬುಷ್, ಕ್ಲಚ್ ಪ್ಲೇಟು, ಹಿಂದಿನ ಬ್ರೇಕು ಬೇಗ ಸವೆಯುತ್ತವೆ. ಸೀಟಿನ ಕೆಳಗಿನ ಚಾಸಿಗೆ ವೆಲ್ಡಿಂಗ್ ಮಾಡಿದ್ದರೆ ಬಿರುಕು ಎಷ್ಟಿತ್ತು ಎಂದು ಕೇಳಿ. ಚೆಲ್ಲಿದ ಹಾಲು ಹುಳಿಯಾಗಿ ಕಬ್ಬಿಣ ತಿನ್ನುತ್ತದೆ. ಕ್ಯಾನಿನ ಚೌಕಟ್ಟು ಕೂಡುವ ಜಾಗದಲ್ಲಿ ತುಕ್ಕು ನೋಡಿ. ಇಂಥ ಗಾಡಿ ಕೊಳ್ಳಲೇಬಾರದೆಂದಲ್ಲ. ನೀವೂ ಅದರ ಮೇಲೆ ಕ್ಯಾನೇ ಹೇರುವಿರಿ. ಆದ್ದರಿಂದ ಬೆನ್ನು ಗಟ್ಟಿ ಮಾಡಿಸುವ ಖರ್ಚನ್ನು ದರದಲ್ಲಿ ಕಳೆಯಿರಿ. ಬಿಡಿಭಾಗ ಊರಲ್ಲೇ ಸಿಗುವ, ನಿಮ್ಮ ಮಿಸ್ತ್ರಿಗೆ ಕೈಪಳಗಿದ ಗಾಡಿಯನ್ನೇ ಆರಿಸಿ.

ಮೂರು, ಗಡಿ ಆಚೆಯ ಗಾಡಿ. ಕೆ.ಎ. 49 ಗೋಕಾಕದ್ದು, ಕೆ.ಎ. 23 ಚಿಕ್ಕೋಡಿಯದು, ಕೆ.ಎ. 22 ಬೆಳಗಾವಿಯದು. ಇವುಗಳ ಜೊತೆಗೆ ಕೊಲ್ಲಾಪುರದ ಎಂ.ಎಚ್. 09, ಸಾಂಗ್ಲಿಯ ಎಂ.ಎಚ್. 10 ಗಾಡಿಗಳೂ ಸಂಕೇಶ್ವರ, ಹುಕ್ಕೇರಿ ಕಡೆ ಮಾರಾಟಕ್ಕೆ ಬರುತ್ತವೆ. ಸ್ವಲ್ಪ ಅಗ್ಗವೂ ಇರುತ್ತವೆ. ಆದರೆ ಅಲ್ಲಿನ ಕಚೇರಿಯಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ತರಬೇಕು. 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರು ಪಡೆಯಬೇಕು, ನಮ್ಮ ರಾಜ್ಯದ ಆಜೀವ ತೆರಿಗೆ ಕಟ್ಟಬೇಕು. ಆ ಪತ್ರ ಕೈಗೆ ಬರುವ ಮುನ್ನ ಪೂರ್ತಿ ಹಣ ಕೊಡಬೇಡಿ.

ಹೆಸರು ವರ್ಗಾವಣೆ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ನಮ್ಮ ಹಳ್ಳಿಗಳಲ್ಲಿ "ಹೆಸರು ಆಮೇಲೆ ಮಾಡಿಸಿದರಾಯಿತು" ಎನ್ನುವ ರೂಢಿಯಿದೆ. ಒಬ್ಬರು ಕೊಂಡು, ಮತ್ತೊಬ್ಬರಿಗೆ ಮಾರಿ, ಅವರು ಮೂರನೆಯವರಿಗೆ ಮಾರಿದರೂ ದಾಖಲೆಯಲ್ಲಿ ಮೊದಲಿನವರ ಹೆಸರೇ ಇರುತ್ತದೆ. ಇಂಥದೇ ಒಂದು ಕಾರಿನ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕಾರು ಕೈಯಿಂದ ಕೈಗೆ ಮಾರಾಟವಾಗಿತ್ತು, ಅಪಘಾತವಾಯಿತು. ದಾಖಲೆಯಲ್ಲಿ ಹೆಸರಿರುವವನೇ ಮಾಲಕ, ಪರಿಹಾರದ ಹೊಣೆ ಅವನದೇ ಎಂದು 2018ರ ಫೆಬ್ರುವರಿಯಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಆದ್ದರಿಂದ ಹಳೆಯ ಗಾಡಿ ಮಾರುವ ಸದಸ್ಯರೂ ಇದನ್ನು ನೆನಪಿಡಬೇಕು. ನಿಮ್ಮಿಂದ ಕೊಂಡವರು ಯಾರಿಗೋ ಗುದ್ದಿದರೆ ನೋಟೀಸು ನಿಮ್ಮ ಮನೆಗೆ ಬರುತ್ತದೆ. ವಿಮೆ ಇಲ್ಲದಿದ್ದರೆ ಪರಿಹಾರಕ್ಕಾಗಿ ಹೊಲದ ಮೇಲೂ ಕಣ್ಣು ಬೀಳುತ್ತದೆ.

ಕಾಯ್ದೆಯಂತೆ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ಇದಕ್ಕೆ ನಮೂನೆ 29 ಮತ್ತು 30. ಆರ್.ಸಿ.ಯಲ್ಲಿರುವ ಮಾಲಕರು ತೀರಿಹೋಗಿದ್ದರೆ ಮೊದಲು ವಾರಸುದಾರರು ನಮೂನೆ 31ರ ಮೂಲಕ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಬಳಿಕವೇ ಮಾರಾಟ. ಹಳೆಯ ಗಾಡಿಗಳ ವ್ಯಾಪಾರಿಯಿಂದ ಕೊಳ್ಳುವುದಾದರೆ, 2023ರ ಏಪ್ರಿಲ್ 1ರಿಂದ ಅಂಥ ವ್ಯಾಪಾರಿಗಳಿಗೆ ಸಾರಿಗೆ ಕಚೇರಿಯ ಅಧಿಕಾರಪತ್ರ ನೀಡುವ ನಿಯಮ ಬಂದಿದೆ. ಅದನ್ನು ತೋರಿಸಲು ಕೇಳಿ. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ.

ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ, ಇಬ್ಬರು ಸಾಕ್ಷಿಗಳೊಂದಿಗೆ ಬರೆಯಿಸಿಕೊಳ್ಳಿ, ಗಾಡಿ ಕೈಗೆ ಪಡೆದ ದಿನಾಂಕ ಮತ್ತು ಹೊತ್ತನ್ನೂ ಬರೆಯಿರಿ. ಸ್ವಲ್ಪ ಹಣವನ್ನು ದಾಖಲೆಯಲ್ಲಿ ಹೆಸರು ಬದಲಾದ ಮೇಲೆ ಕೊಡುವುದಾಗಿ ಮೊದಲೇ ಮಾತಾಡಿ. ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಮುಗಿಸುವ ವ್ಯವಹಾರ ಇಲ್ಲಿ ನಡೆಯುವುದಿಲ್ಲ. ಇನ್ನೊಂದು ಮಾತು: ಅನೇಕ ಮನೆಗಳಲ್ಲಿ ಸಂಘದ ಸದಸ್ಯತ್ವ ಹೆಣ್ಣುಮಕ್ಕಳ ಹೆಸರಿನಲ್ಲಿದೆ, ಹಾಲಿನ ಹಣ ಅವರ ಖಾತೆಗೆ ಬರುತ್ತದೆ. ಆ ಹಣದಿಂದ ಕೊಂಡ ಗಾಡಿ ಅವರ ಹೆಸರಿನಲ್ಲಿಯೇ ಇರುವುದು ನ್ಯಾಯ.

ಬಂಧುಗಳೇ, ಒಂದು ಬೆಳಗು ಮತ್ತು ಮಿಸ್ತ್ರಿಯ ಕೂಲಿ, ಇಷ್ಟೇ ಈ ಎಲ್ಲ ಪರೀಕ್ಷೆಯ ಖರ್ಚು. ನಾನು ಅಷ್ಟನ್ನು ಉಳಿಸಲು ಹೋಗಿ ಒಂದು ಮಣಕವನ್ನೂ ನಾಲ್ಕು ತಿಂಗಳ ನೆಮ್ಮದಿಯನ್ನೂ ಕಳೆದುಕೊಂಡೆ. ಆಮೇಲೆ ಕೊಂಡ ಗಾಡಿಯನ್ನು ಎರಡು ಬೆಳಗು ಹೋಗಿ ತಣ್ಣಗಿರುವಾಗ ನೋಡಿದೆ. ಮನೆಯವರು ಜೊತೆಗಿದ್ದರು, ಚಾಸಿ ನಂಬರನ್ನು ಅವರೇ ಓದಿದರು. ಇಂದು ಈ ಸಭೆಗೆ ಅದರ ಮೇಲೆಯೇ ಬಂದಿದ್ದೇನೆ.

ನಿಮ್ಮ ಸಂಘದ ಸದಸ್ಯರಲ್ಲಿ ಯಾರಾದರೂ ಹಳೆಯ ಗಾಡಿ ಕೊಳ್ಳುವ ವಿಚಾರದಲ್ಲಿದ್ದರೆ ಈ ಮಾತುಗಳನ್ನು ಅವರಿಗೂ ತಿಳಿಸಬೇಕೆಂದು ಕೋರುತ್ತೇನೆ.